ಚಳಿಜ್ವರದ ಲಸಿಕೆ: ದೇಹದ ಕಾವಲಿಗೆ ಕಾಣದ ಪ್ರೋಟೀನಿನ ಕಥೆ

ಹಾನಗಲ್ಲ, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ಇಂದು ಹಾವೇರಿ ಜಿಲ್ಲೆಯ ತಾಲೂಕುಗಳು. 1997ರವರೆಗೆ ಇವು ಧಾರವಾಡ ಜಿಲ್ಲೆಗೆ ಸೇರಿದ್ದವು. ಸವಣೂರಂತೂ 1948ರವರೆಗೆ ನವಾಬರ ಸಂಸ್ಥಾನವಾಗಿತ್ತು. ಮಲೆನಾಡಿನ ಸೆರಗು, ವರದಾ, ಧರ್ಮಾ, ಕುಮುದ್ವತಿ ನದಿಗಳ ಬಯಲು, ಮದಗ ಮಾಸೂರಿನಂಥ ಹಿರಿಯ ಕೆರೆಗಳು, ಭತ್ತದ ಗದ್ದೆಗಳು ಈ ಸೀಮೆಯ ಸಂಪತ್ತು. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗೆ ಬೇಕಾದುದೂ ಇಂಥ ನೀರೇ.

ಈ ಭಾಗಕ್ಕೆ ಮಲೇರಿಯಾ ನಿಯಂತ್ರಣದ ಇತಿಹಾಸದಲ್ಲಿ ಒಂದು ಸ್ಥಾನವಿದೆ. 1946ರಲ್ಲಿ ಮುಂಬಯಿ ಪ್ರಾಂತದ ಮಲೇರಿಯಾ ತಜ್ಞ ಡಾ. ಡಿ.ಕೆ. ವಿಶ್ವನಾಥನ್ ಮತ್ತು ಅವರ ಸಂಗಡಿಗರು ಆಗಿನ ಕಾನಡಾ (ಇಂದಿನ ಉತ್ತರ ಕನ್ನಡ) ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಗಳ ಒಳಗೋಡೆಗೆ ಡಿಡಿಟಿ ಸಿಂಪಡಿಸುವ ದೊಡ್ಡ ಪ್ರಯೋಗವನ್ನು ಕೈಗೊಂಡರು. ರಕ್ತ ಹೀರಿ ಗೋಡೆಯ ಮೇಲೆ ಕುಳಿತ ಸೊಳ್ಳೆ ಅಲ್ಲಿಯೇ ಸಾಯುತ್ತಿತ್ತು. 1953ರಲ್ಲಿ ಇದೇ ವಿಧಾನ ರಾಷ್ಟ್ರೀಯ ಕಾರ್ಯಕ್ರಮವಾಯಿತು. ವರ್ಷಕ್ಕೆ ಸುಮಾರು 7.5 ಕೋಟಿಯೆಂದು ಅಂದಾಜಿಸಲಾಗಿದ್ದ ದೇಶದ ಮಲೇರಿಯಾ ಪ್ರಕರಣಗಳು 1960ರ ದಶಕದ ಮಧ್ಯಭಾಗಕ್ಕೆ ಒಂದು ಲಕ್ಷದ ಆಸುಪಾಸಿಗೆ ಇಳಿದವು. ಆದರೆ ಸೊಳ್ಳೆ ಡಿಡಿಟಿಗೆ ಒಗ್ಗಿಕೊಂಡಿತು, ಕಾರ್ಯಕ್ರಮವೂ ಸಡಿಲವಾಯಿತು. 1976ರಲ್ಲಿ ಪ್ರಕರಣಗಳು ಮತ್ತೆ 64 ಲಕ್ಷ ದಾಟಿದವು. ಗೋಡೆಗೆ ಬಳಿದ ಔಷಧ ಮನೆಯನ್ನು ಕಾಯುತ್ತದೆ; ಮನುಷ್ಯನ ರಕ್ತವನ್ನು ಕಾಯಲು ಲಸಿಕೆಯೇ ಬೇಕೆಂಬ ಮಾತು ಬಲಗೊಂಡಿತು.

ಲಸಿಕೆ ತಯಾರಿಸುವುದು ಮಾತ್ರ ಸುಲಭವಾಗಲಿಲ್ಲ. ಸಿಡುಬಿನ ವೈರಾಣುವಿನಂತೆ ಮಲೇರಿಯಾ ರೋಗಾಣು ಸರಳವಲ್ಲ. ಪ್ಲಾಸ್ಮೋಡಿಯಂ ಎಂಬ ಈ ಪರೋಪಜೀವಿಗೆ ಐದು ಸಾವಿರಕ್ಕೂ ಹೆಚ್ಚು ವಂಶವಾಹಿಗಳಿವೆ. ಯಕೃತ್ತಿನಲ್ಲಿ ಒಂದು ರೂಪ, ರಕ್ತದಲ್ಲಿ ಇನ್ನೊಂದು, ಸೊಳ್ಳೆಯಲ್ಲಿ ಮತ್ತೊಂದು. ಇಡೀ ಜೀವಿಯ ಬದಲು ಅದರ ಪ್ರೋಟೀನಿನ ಒಂದು ತುಣುಕನ್ನಷ್ಟೇ ಪ್ರಯೋಗಾಲಯದಲ್ಲಿ ತಯಾರಿಸಿ ಚುಚ್ಚಿದರೆ ಸಾಲದೇ ಎಂಬ ಯೋಚನೆ ಹುಟ್ಟಿದ್ದು ಇದರಿಂದಲೇ.

ಪ್ರೋಟೀನನ್ನು ಹಾವೇರಿಯ ಏಲಕ್ಕಿ ಮಾಲೆಗೆ ಹೋಲಿಸಬಹುದು. ಅಮೈನೋ ಆಮ್ಲಗಳೇ ಪೋಣಿಸಿದ ಏಲಕ್ಕಿಗಳು. ಮಾಲೆಯ ಒಂದು ಚಿಕ್ಕ ತುಂಡು ಪೆಪ್ಟೈಡ್. ಅಮೆರಿಕದ ಬ್ರೂಸ್ ಮೆರಿಫೀಲ್ಡ್ 1963ರಲ್ಲಿ ಪ್ರಕಟಿಸಿದ ವಿಧಾನದಿಂದ ಯಾವುದೇ ಪೆಪ್ಟೈಡನ್ನು ರಾಸಾಯನಿಕವಾಗಿ ಕಟ್ಟುವುದು ಸಾಧ್ಯವಾಯಿತು. ಅವರಿಗೆ 1984ರಲ್ಲಿ ನೊಬೆಲ್ ದೊರೆಯಿತು. ಕೊಲಂಬಿಯಾದ ವೈದ್ಯ ವಿಜ್ಞಾನಿ ಮನುಯೆಲ್ ಪಟರೊಯೊ ಇದನ್ನೇ ಬಳಸಿ 1980ರ ದಶಕದಲ್ಲಿ 'ಎಸ್‌ಪಿಎಫ್‌66' ಎಂಬ ಲಸಿಕೆಯನ್ನು ರೂಪಿಸಿದರು. ಧಾರವಾಡ ಸೀಮೆಯಲ್ಲಿ ಡಿಡಿಟಿ ಪ್ರಯೋಗ ನಡೆದ 1946ರಲ್ಲೇ ಹುಟ್ಟಿದವರು ಅವರು. ಲಸಿಕೆಯ ಹಕ್ಕನ್ನು ವಿಶ್ವ ಆರೋಗ್ಯ ಸಂಸ್ಥೆಗೆ ದಾನವಾಗಿ ಕೊಟ್ಟರು. ಆದರೆ ಫಲಿತಾಂಶ ಊರಿನಿಂದ ಊರಿಗೆ ಬದಲಾಯಿತು. ಕೊಲಂಬಿಯಾದಲ್ಲಿ 1993ರಲ್ಲಿ ಸುಮಾರು ಶೇ. 39, ತಾಂಜಾನಿಯಾದ ಮಕ್ಕಳಲ್ಲಿ 1994ರಲ್ಲಿ ಶೇ. 31 ರಕ್ಷಣೆ ಕಂಡಿತು. ಗ್ಯಾಂಬಿಯಾದ ಶಿಶುಗಳಲ್ಲಿ ಅದು ಶೇ. 8ಕ್ಕೆ ಕುಸಿಯಿತು. ಥಾಯ್ಲೆಂಡಿನಲ್ಲಿ ಏನೂ ಪ್ರಯೋಜನವಾಗಲಿಲ್ಲ.

ಈ ಸೋಲಿನಿಂದ ಹೊರಬಂದ ಪಾಠ ಲಸಿಕೆಗಿಂತ ಕುತೂಹಲಕರ. ಪಟರೊಯೊ ತಂಡ ಪರೋಪಜೀವಿಯ ಪ್ರೋಟೀನುಗಳನ್ನು ಸುಮಾರು 20 ಅಮೈನೋ ಆಮ್ಲಗಳ ತುಂಡುಗಳಾಗಿ ಕೃತಕವಾಗಿ ತಯಾರಿಸಿ, ಕೆಂಪು ರಕ್ತಕಣಕ್ಕೆ ಬಿಗಿಯಾಗಿ ಅಂಟುವವು ಯಾವುವೆಂದು ಒಂದೊಂದಾಗಿ ಪರೀಕ್ಷಿಸಿತು. ರಕ್ತಕಣದೊಳಗೆ ನುಗ್ಗಲು ರೋಗಾಣುವಿಗೆ ಬೇಕಾದ ಭಾಗಗಳಿವು. ಇವುಗಳಲ್ಲಿ ಹಲವು ಎಲ್ಲ ತಳಿಗಳಲ್ಲೂ ಬದಲಾಗದೆ ಒಂದೇ ತೆರನಾಗಿರುತ್ತವೆ. ಹಾಗಾಗಿ ಲಸಿಕೆಗೆ ಇವೇ ಸರಿಯಾದ ಗುರಿಯೆನ್ನಬೇಕು. ಆದರೆ ಇವನ್ನು ಚುಚ್ಚಿದ ಏಯೋಟಸ್ ಮಂಗಗಳಲ್ಲಿ ಪ್ರತಿಕಾಯ ಹುಟ್ಟಲಿಲ್ಲ! ದೇಹದ ರೋಗನಿರೋಧಕ ವ್ಯವಸ್ಥೆ ಇವನ್ನು ಗಮನಿಸುವುದೇ ಇಲ್ಲ. ಅದು ರೊಚ್ಚಿಗೇಳುವುದು ತಳಿಯಿಂದ ತಳಿಗೆ ಬದಲಾಗುವ ಭಾಗಗಳ ವಿರುದ್ಧ. ಕಳ್ಳ ಅಂಗಿಯನ್ನು ಬದಲಿಸುತ್ತ ಓಡುತ್ತಾನೆ, ಕಾವಲುಗಾರ ಅಂಗಿಯನ್ನೇ ಹುಡುಕುತ್ತಾನೆ ಎಂದಂತೆ.

ಇದಕ್ಕೆ ತಂಡ ಕಂಡುಕೊಂಡ ಉಪಾಯ ಮಾರ್ಪಡಿಸಿದ ಪೆಪ್ಟೈಡ್. ಅಂಟುವಿಕೆಗೆ ಮುಖ್ಯವಾದ ಕೆಲವು ಅಮೈನೋ ಆಮ್ಲಗಳನ್ನು ತೆಗೆದು, ಗಾತ್ರದಲ್ಲಿ ಅವನ್ನೇ ಹೋಲುವ ಆದರೆ ನೀರಿನೊಂದಿಗೆ ಬೆರೆಯುವ ಗುಣದಲ್ಲಿ ವಿರುದ್ಧವಾದ ಬೇರೆ ಅಮೈನೋ ಆಮ್ಲಗಳನ್ನು ಪೋಣಿಸಲಾಯಿತು. ಮಾಲೆಯಲ್ಲಿ ಎರಡು ಮೂರು ಏಲಕ್ಕಿ ಬದಲಾದರೆ ಅದರ ಬಾಗು ಬದಲಾಗುತ್ತದೆ. ಈ ಬಾಗು ಏಕೆ ಮುಖ್ಯ? ದೇಹದ ಕೆಲವು ಕೋಶಗಳು ಪೆಪ್ಟೈಡನ್ನು 'ಎಚ್‌ಎಲ್‌ಎ' ಎಂಬ ಅಣುವಿನ ತೊಟ್ಟಿಲಿನಲ್ಲಿಟ್ಟು ಟಿ ಕೋಶಗಳಿಗೆ ತೋರಿಸುತ್ತವೆ. ತೊಟ್ಟಿಲಿಗೆ ಸರಿಯಾಗಿ ಕೂರದ ಪೆಪ್ಟೈಡನ್ನು ಟಿ ಕೋಶ ಓದಲಾರದು. ಅದರ ನೆರವಿಲ್ಲದೆ ಬಿ ಕೋಶಗಳು ಪ್ರಬಲವಾದ ಪ್ರತಿಕಾಯಗಳನ್ನು ತಯಾರಿಸಲಾರವು. ಮಾರ್ಪಡಿಸಿದ ಕೆಲವು ಪೆಪ್ಟೈಡುಗಳು ಹೆಚ್ಚು ಚೆನ್ನಾಗಿ ಕೂತವು, ಕೆಲವು ಮಂಗಗಳು ರೋಗದಿಂದ ಪಾರಾದವು.

ತೊಡಕು ಎರಡು. ಬದಲಾದ ತುಣುಕಿನ ವಿರುದ್ಧ ಹುಟ್ಟಿದ ಪ್ರತಿಕಾಯ ಬದಲಾಗದ ಅಸಲಿ ಪ್ರೋಟೀನನ್ನೂ ಗುರುತಿಸಬೇಕು. ಬಾಗು ತುಸು ಹೆಚ್ಚಾದರೂ ಶ್ರಮ ವ್ಯರ್ಥ. ಜೊತೆಗೆ ಎಚ್‌ಎಲ್‌ಎ ಎಲ್ಲರಲ್ಲೂ ಒಂದೇ ಅಲ್ಲ. ಒಬ್ಬರ ತೊಟ್ಟಿಲಿಗೆ ಒಗ್ಗಿದ ಪೆಪ್ಟೈಡ್ ನೆರೆಮನೆಯವರಿಗೆ ಒಗ್ಗದಿರಬಹುದು. ಪಟರೊಯೊ 2025ರ ಜನವರಿಯಲ್ಲಿ ನಿಧನರಾದರು. ಅವರ ಮಾರ್ಪಡಿಸಿದ ಪೆಪ್ಟೈಡುಗಳಿಂದ ಬಳಕೆಗೆ ಒಪ್ಪಿಗೆ ಪಡೆದ ಲಸಿಕೆ ಅವರ ಜೀವಿತಕಾಲದಲ್ಲಿ ಬರಲಿಲ್ಲ.

ಗೆದ್ದದ್ದು ಬೇರೆ ದಾರಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 'ಆರ್‌ಟಿಎಸ್,ಎಸ್' ಲಸಿಕೆಗೂ 2023ರಲ್ಲಿ 'ಆರ್21'ಕ್ಕೂ ಶಿಫಾರಸು ನೀಡಿತು. ಎರಡನೆಯದನ್ನು ತಯಾರಿಸುವುದು ಪುಣೆಯ ಸೀರಂ ಸಂಸ್ಥೆ. ಎರಡರಲ್ಲೂ ರೋಗಾಣು ಯಕೃತ್ತಿಗೆ ಹೋಗುವ ಹಂತದ ಪ್ರೋಟೀನಿನ, ನಾಲ್ಕು ಅಮೈನೋ ಆಮ್ಲಗಳು ಮತ್ತೆ ಮತ್ತೆ ಬರುವ ಭಾಗವನ್ನು ಹೆಪಟೈಟಿಸ್-ಬಿ ವೈರಾಣುವಿನ ಪ್ರೋಟೀನಿಗೆ ಜೋಡಿಸಲಾಗಿದೆ. ಇವು ಹೆಚ್ಚಾಗಿ ಆಫ್ರಿಕದ ಮಕ್ಕಳಿಗಾಗಿ, ಫಾಲ್ಸಿಪಾರಂ ಎಂಬ ಪ್ರಭೇದದ ವಿರುದ್ಧ ರೂಪಿಸಿದವು. ಭಾರತದಲ್ಲಿ ಫಾಲ್ಸಿಪಾರಂ ಜೊತೆಗೆ ವೈವಾಕ್ಸ್ ಕೂಡ ವ್ಯಾಪಕ. ಅದರ ಪ್ರೋಟೀನುಗಳು ಬೇರೆ, ರಕ್ತಕಣಕ್ಕೆ ನುಗ್ಗುವ ಬಾಗಿಲೂ ಬೇರೆ. ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದು ಮತ್ತೆ ಏಳುವ ಚಾಳಿಯೂ ಅದಕ್ಕಿದೆ. ಹೀಗಾಗಿ ವರದಾ ತೀರದ ಹಳ್ಳಿಯಲ್ಲಿ ಚಳಿ ಹಿಡಿದು ಜ್ವರ ಬಂದವರಿಗೆ ಇಂದಿಗೂ ಮೊದಲ ಹೆಜ್ಜೆ ರಕ್ತಲೇಪನ ಪರೀಕ್ಷೆ. ವೈವಾಕ್ಸ್ ಎಂದಾದರೆ ವೈದ್ಯರ ಸಲಹೆಯಂತೆ ಕ್ಲೋರೋಕ್ವಿನ್ ಜೊತೆ 14 ದಿನಗಳ ಪ್ರೈಮಾಕ್ವಿನ್, ಜ್ವರ ಬಿಟ್ಟ ಮೇಲೂ ನಡುವೆ ನಿಲ್ಲಿಸದೆ.