ಕೊಶ್ಚೇಯನ ಸರಪಳಿ

ಏಳು ಸಮುದ್ರಗಳಾಚೆ, ಮರದ ಪೊಟರೆಯೊಳಗಿನ ಗಿಳಿಯ ಒಡಲಲ್ಲಿ ತನ್ನ ಪ್ರಾಣವನ್ನು ಬಚ್ಚಿಟ್ಟ ರಾಕ್ಷಸನ ಕಥೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ರಷ್ಯದ ಮಕ್ಕಳಿಗೂ ಇಂಥವನೊಬ್ಬನುಂಟು. 'ಸಾವಿಲ್ಲದ ಕೊಶ್ಚೇಯ್' ಎಂದು ಅವನ ಹೆಸರು. ಅವನ ಸಾವು ಇರುವುದು ಸೂಜಿಯ ಮೊನೆಯಲ್ಲಿ. ಸೂಜಿ ಮೊಟ್ಟೆಯಲ್ಲಿ, ಮೊಟ್ಟೆ ಬಾತುಕೋಳಿಯಲ್ಲಿ, ಬಾತುಕೋಳಿ ಮೊಲದಲ್ಲಿ, ಮೊಲ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಓಕ್ ಮರದ ಕಾವಲಿನಲ್ಲಿ. ಈ ಕೊಶ್ಚೇಯನನ್ನೇ ನಾಯಕನನ್ನಾಗಿ ಮಾಡಿಕೊಂಡು ಅಮೆರಿಕದ ಲೇಖಕಿ ಕ್ಯಾಥರಿನ್ ವ್ಯಾಲೆಂಟೆ ೨೦೧೧ರಲ್ಲಿ 'ಡೆತ್‌ಲೆಸ್' ಎಂಬ ಅದ್ಭುತರಮ್ಯ ಕಾದಂಬರಿಯನ್ನು ಪ್ರಕಟಿಸಿದರು. ಆ ಕಾದಂಬರಿಯ ಬೆನ್ನ ಹಿಂದೆ ಒಂದೂವರೆ ಶತಮಾನದ ಚರಿತ್ರೆಯಿದೆ. ಅದು ಕಾದಂಬರಿಗಿಂತ ಕಡಿಮೆ ಸ್ವಾರಸ್ಯದ್ದಲ್ಲ.

ಕಾದಂಬರಿಗೆ ಮೂಲವಾದದ್ದು 'ಮಾರ್ಯಾ ಮೊರೆವ್ನಾ' ಎಂಬ ಜನಪದ ಕಥೆ. ಇವಾನ್ ಎಂಬ ರಾಜಕುಮಾರನ ಮೂವರು ತಂಗಿಯರನ್ನು ಹಕ್ಕಿಯ ರೂಪದಲ್ಲಿ ಬಂದ ಮೂವರು ವರರು ಮದುವೆಯಾಗುತ್ತಾರೆ. ಇವಾನನ ಕೈ ಹಿಡಿದವಳಾದರೋ ದಂಡು ಕಟ್ಟಿ ಕಾದುವ ವೀರರಾಣಿ ಮಾರ್ಯಾ. ಆಕೆ ಯುದ್ಧಕ್ಕೆ ಹೊರಡುವಾಗ ಗಂಡನಿಗೆ ಒಂದು ಮಾತು ಹೇಳುತ್ತಾಳೆ: ಅರಮನೆಯಲ್ಲಿ ಎಲ್ಲಿ ಬೇಕಾದರೂ ಹೋಗು, ಆ ಒಂದು ಕೋಣೆಯ ಬಾಗಿಲನ್ನು ಮಾತ್ರ ತೆರೆಯಬೇಡ. ಬೇಡವೆಂದ ಮೇಲೆ ತೆರೆಯದಿರುವುದುಂಟೆ? ಒಳಗೆ ಹನ್ನೆರಡು ಸರಪಳಿಗಳಲ್ಲಿ ಬಿಗಿದ ಕೊಶ್ಚೇಯ್ ನೀರಿಗಾಗಿ ಅಂಗಲಾಚುತ್ತಾನೆ. ಇವಾನನಿಗೆ ಕನಿಕರ ಹುಟ್ಟುತ್ತದೆ. ಮೂರನೆಯ ಬಕೇಟು ನೀರು ಕುಡಿದದ್ದೇ ತಡ, ಕೊಶ್ಚೇಯ್ ಸರಪಳಿಗಳನ್ನು ಕಿತ್ತೊಗೆದು ಮಾರ್ಯಾಳನ್ನು ಹೊತ್ತುಕೊಂಡು ಹೋಗುತ್ತಾನೆ.

ಕೊಶ್ಚೇಯನನ್ನು ಆ ಕೋಣೆಯಲ್ಲಿ ಕಟ್ಟಿಹಾಕಿದ್ದು ಏಕೆ? ಮಾರ್ಯಾಳಿಗೂ ಅವನಿಗೂ ಹಿಂದೆ ಏನು ನಡೆದಿತ್ತು? ಕಥೆ ಚಕಾರವೆತ್ತುವುದಿಲ್ಲ. ಈ ಮೌನವೇ ನಮಗೆ ಮುಖ್ಯ. ಏಕೆಂದರೆ ಕಥೆಯನ್ನು ಅಚ್ಚಿಗೆ ಕೊಟ್ಟವನು ಈ ತೆರಪನ್ನು ತನ್ನ ಕಲ್ಪನೆಯಿಂದ ತುಂಬಬಹುದಾಗಿತ್ತು. ಆತ ತುಂಬಲಿಲ್ಲ.

ಆತನ ಹೆಸರು ಅಲೆಕ್ಸಾಂದರ್ ಅಫನಾಸ್ಯೆವ್. ೧೮೨೬ರಲ್ಲಿ ವೊರೊನೆಜ್ ಪ್ರಾಂತದಲ್ಲಿ ಹುಟ್ಟಿ, ಮಾಸ್ಕೋ ವಿಶ್ವವಿದ್ಯಾನಿಲಯದಲ್ಲಿ ನ್ಯಾಯಶಾಸ್ತ್ರ ಓದಿ, ವಿದೇಶಾಂಗ ಇಲಾಖೆಯ ಪತ್ರಾಗಾರದಲ್ಲಿ ನೌಕರಿಗೆ ಸೇರಿದವನು. ಹಳ್ಳಿ ಹಳ್ಳಿ ಅಲೆದು ಕಥೆ ಕೇಳಿದವನಲ್ಲ. ಆತ ಸ್ವತಃ ಬರೆದುಕೊಂಡ ಕಥೆಗಳು ಬೆರಳೆಣಿಕೆಯವು. ರಷ್ಯದ ಭೂಗೋಳ ಸಂಘದಲ್ಲಿ ಕೂಡಿಬಿದ್ದಿದ್ದ ಹಸ್ತಪ್ರತಿಗಳನ್ನೂ, ನಿಘಂಟುಕಾರ ವ್ಲದೀಮಿರ್ ದಾಲ್ ತಾನು ಕಲೆಹಾಕಿದ್ದ ಕಥೆಗಳ ಕಟ್ಟನ್ನೇ ಎತ್ತಿಕೊಟ್ಟದ್ದನ್ನೂ ಸೇರಿಸಿ, ೧೮೫೫ರಿಂದ ಎಂಟು ಸಂಚಿಕೆಗಳಲ್ಲಿ ಸುಮಾರು ೬೦೦ ಕಥೆಗಳನ್ನು ಹೊರತಂದನು.

ಜರ್ಮನಿಯ ಗ್ರಿಮ್ ಸಹೋದರರಲ್ಲಿ ಕಿರಿಯವನಾದ ವಿಲ್‌ಹೆಲ್ಮ್ ೧೮೧೨ರ ಮೊದಲ ಮುದ್ರಣದಿಂದ ೧೮೫೭ರ ಕೊನೆಯ ಮುದ್ರಣದವರೆಗೂ ತನ್ನ ಕಥೆಗಳನ್ನು ತಿದ್ದಿ ತೀಡಿ ನಯಗೊಳಿಸುತ್ತಲೇ ಹೋದನು. ಅಫನಾಸ್ಯೆವನೂ ಭಾಷೆಯನ್ನು ಅಲ್ಲಲ್ಲಿ ಮುಟ್ಟಿದ್ದುಂಟು. ಆದರೆ ಒಂದೇ ಕಥೆಗೆ ನಾಲ್ಕು ಪಾಠಗಳಿದ್ದರೆ ನಾಲ್ಕನ್ನೂ ಪಕ್ಕಪಕ್ಕದಲ್ಲಿ ಅಚ್ಚು ಹಾಕಿಸುವುದು ಆತನ ಪದ್ಧತಿ. ಒಂದರಲ್ಲಿ ಕೊಶ್ಚೇಯ್ ಸಾಯುವುದು ಮೊಟ್ಟೆಯೊಡೆದು. 'ಮಾರ್ಯಾ ಮೊರೆವ್ನಾ'ದಲ್ಲಿಯೋ ಕುದುರೆಯ ಗೊರಸಿನ ಏಟಿಗೆ. ಇವೆರಡನ್ನೂ ಹೊಂದಿಸುವ ಗೋಜಿಗೆ ಆತ ಹೋಗಲಿಲ್ಲ. ಕಥೆ ಜನರದು, ತನ್ನದಲ್ಲ ಎಂಬ ವಿನಯ ಅದು.

ಆ ಕಾಲದ ರಷ್ಯದಲ್ಲಿ ಈ ವಿನಯವೂ ನಿರಪಾಯದ್ದಾಗಿರಲಿಲ್ಲ. ಸಂತರನ್ನೂ ದೆವ್ವಗಳನ್ನೂ ಕುರಿತು ರೈತರು ಹೇಳುತ್ತಿದ್ದ ಕಥೆಗಳನ್ನು ಆತ ೧೮೫೯ರಲ್ಲಿ ಪ್ರಕಟಿಸಿದಾಗ ಮಾಸ್ಕೋದ ಪ್ರಧಾನ ಧರ್ಮಾಧಿಕಾರಿ ಫಿಲಾರೆಟ್ ಆಕ್ಷೇಪವೆತ್ತಿದನು; ಮರುವರ್ಷವೇ ಪುಸ್ತಕಕ್ಕೆ ನಿಷೇಧ ಬಿತ್ತು. ೧೮೬೨ರಲ್ಲಿ ಇನ್ನೊಂದು ಪೆಟ್ಟು. ಲಂಡನ್ನಿನಲ್ಲಿದ್ದ ದೇಶಭ್ರಷ್ಟ ಲೇಖಕ ಹೆರ್ಜೆನ್ನನ ಬಳಗದವನೊಬ್ಬ ಗುಟ್ಟಾಗಿ ಬಂದು ಅಫನಾಸ್ಯೆವನನ್ನು ಕಂಡಿದ್ದನೆಂಬ ಕಾರಣಕ್ಕೆ ಸರ್ಕಾರ ಆತನನ್ನು ನೌಕರಿಯಿಂದ ತೆಗೆದುಹಾಕಿತು. ಹೊಟ್ಟೆಪಾಡಿಗಾಗಿ ಆತ ತನ್ನ ಪುಸ್ತಕಭಂಡಾರವನ್ನು ಮಾರಿದನು. ವಿದ್ವಾಂಸನಾದವನಿಗೆ ಇದಕ್ಕಿಂತ ಕ್ರೂರವಾದ ಶಿಕ್ಷೆ ಯಾವುದು? ಆ ಬಡತನದಲ್ಲಿಯೇ ಸ್ಲಾವ್ ಜನಾಂಗದ ಪುರಾಣಕಲ್ಪನೆಗಳನ್ನು ಕುರಿತ ಮೂರು ಬೃಹತ್ ಸಂಪುಟಗಳನ್ನು ೧೮೬೫ರಿಂದ ೧೮೬೯ರೊಳಗೆ ಮುಗಿಸಿ, ೧೮೭೧ರಲ್ಲಿ ಕ್ಷಯರೋಗದಿಂದ ತೀರಿಕೊಂಡನು. ಆಗ ಆತನಿಗೆ ೪೫ ವರ್ಷ.

ಆತನ ಕಥೆಗಳು ಮಾತ್ರ ಸಾಯಲಿಲ್ಲ. ವ್ಲದೀಮಿರ್ ಪ್ರೊಪ್ ಎಂಬ ಪಂಡಿತ ೧೯೨೮ರಲ್ಲಿ ಅದ್ಭುತಕಥೆಯ ರಚನಾಸೂತ್ರಗಳನ್ನು ಕಂಡುಹಿಡಿದದ್ದು ಈ ಸಂಗ್ರಹದ ನೂರು ಕಥೆಗಳನ್ನು ಆಧಾರವಾಗಿಟ್ಟುಕೊಂಡು. ೧೯೩೬ರಿಂದ ೧೯೪೦ರವರೆಗೆ ಇಡೀ ಸಂಗ್ರಹದ ಶಾಸ್ತ್ರೀಯ ಪರಿಷ್ಕರಣ ಮೂರು ಸಂಪುಟಗಳಲ್ಲಿ ಬಂದಿತು. ಮರುವರ್ಷ ಜರ್ಮನ್ ಸೇನೆ ಲೆನಿನ್‌ಗ್ರಾಡನ್ನು ಮುತ್ತಿತು. ೮೭೨ ದಿನಗಳ ಮುತ್ತಿಗೆ ಅದು. ೧೯೪೧ರ ನವೆಂಬರಿನಲ್ಲಿ ಕೂಲಿಕಾರರಲ್ಲದವರಿಗೆ ದಿನಕ್ಕೆ ಸಿಕ್ಕುತ್ತಿದ್ದ ರೊಟ್ಟಿ ೧೨೫ ಗ್ರಾಂ. ಅಫನಾಸ್ಯೆವನ ಕಥೆಗಳನ್ನು ಪರಿಷ್ಕರಿಸಿದ ಮೂವರಲ್ಲಿ ಒಬ್ಬನಾದ ನಿಕೊಲಾಯ್ ಆಂದ್ರೆಯೆವ್ ೧೯೪೨ರಲ್ಲಿ ಆ ಮುತ್ತಿಗೆಯ ನಗರದಲ್ಲಿಯೇ ಕಣ್ಣುಮುಚ್ಚಿದನು.

ವ್ಯಾಲೆಂಟೆಯವರ ಕಾದಂಬರಿ ಕಥೆಯನ್ನು ತಂದು ನಿಲ್ಲಿಸುವುದು ಇದೇ ನಗರದಲ್ಲಿ. ಹಕ್ಕಿಗಳು ಮರದಿಂದುದುರಿ ಸಮವಸ್ತ್ರ ತೊಟ್ಟ ತರುಣರಾಗುತ್ತವೆ. ಆದರೆ ಇಲ್ಲಿ ಅವರು ಬರುವುದು ಕ್ರಾಂತಿಕಾಲದಲ್ಲಿ, ವರಿಸುವುದು ಮಾರ್ಯಾಳ ಅಕ್ಕಂದಿರನ್ನು. ಒಂದೇ ಮನೆಗೆ ಹತ್ತಾರು ಸಂಸಾರಗಳು ಬಂದು ತುಂಬಿದಾಗ ಗೃಹದೇವತೆಗಳೂ ಸಮಿತಿ ಕಟ್ಟಿಕೊಳ್ಳುತ್ತವೆ. ಕಾಡಿನ ಮಾಟಗಾತಿ ಬಾಬಾ ಯಾಗಾ 'ಅಧ್ಯಕ್ಷೆ ಯಾಗಾ' ಆಗುತ್ತಾಳೆ. ಇಲ್ಲಿಯವರೆಗೆ ನಗುತ್ತಾ ಓದಬಹುದು. ಮುತ್ತಿಗೆಯ ಅಧ್ಯಾಯಗಳಲ್ಲಿ ನಗು ನಿಂತುಹೋಗುತ್ತದೆ. ಕೊಶ್ಚೇಯನನ್ನು ನೆಲಮಾಳಿಗೆಯಲ್ಲಿ ಕಟ್ಟಿಹಾಕುವವಳು ಮಾರ್ಯಾ. ಅವಳು ಅವನ ವೈರಿ ಮಾತ್ರವಲ್ಲ, ಹಿಂದೆ ಅವನೊಡನೆ ಬಾಳಿದವಳು. ಜನಪದ ಕಥೆ ಮೌನವಾಗಿ ಬಿಟ್ಟ ಪ್ರಶ್ನೆಗೆ ಕಾದಂಬರಿ ಕೊಟ್ಟ ಉತ್ತರವಿದು.

ಪರದೇಶದ ಲೇಖಕಿಗೆ ರಷ್ಯದ ಈ ಸಂಕಟವನ್ನು ಕಥೆಯ ಸಾಮಗ್ರಿಯಾಗಿ ಬಳಸುವ ಅಧಿಕಾರವಿದೆಯೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಸಾವಿರಾರು ಜನ ದಿನದಿನವೂ ಸಾಯುತ್ತಿದ್ದ ಊರಿಗೆ ಸಾವಿಲ್ಲದವನನ್ನು ಕರೆತರುವುದು ಸಣ್ಣ ಸಾಹಸವಲ್ಲ. ಆಟವಾಗಿ ಮಾಡಿದ್ದರೆ ಅದು ಅಪಚಾರವಾಗುತ್ತಿತ್ತು. ಇಲ್ಲಿ ಹಾಗಾಗಿಲ್ಲ. ಹಸಿವಿನ ಮುಂದೆ ಮಾಯೆಯೂ ಸೋಲುತ್ತದೆಂಬುದನ್ನು ಲೇಖಕಿ ಮರೆಮಾಚಿಲ್ಲ. ಆ ಗಾಂಭೀರ್ಯವೇ ಆಕೆಗೆ ಸಿಕ್ಕ ಅಧಿಕಾರ.

ನೌಕರಿಯನ್ನೂ ಪುಸ್ತಕಗಳನ್ನೂ ಕಳೆದುಕೊಂಡ ಅಫನಾಸ್ಯೆವ್ ಇಂಥ ಕಾದಂಬರಿಯೊಂದನ್ನು ಕನಸಿನಲ್ಲಿಯೂ ನೆನೆದಿರಲಾರ. ಆದರೂ ಅದಕ್ಕೆ ಬಾಗಿಲನ್ನು ತೆರೆದಿಟ್ಟವನು ಆತನೇ. ತಾನು ಕೇಳಿದ್ದಷ್ಟನ್ನೇ ಕೊಟ್ಟು, ಉಳಿದದ್ದನ್ನು ಮುಂದಿನವರಿಗೆ ಬಿಟ್ಟನು. ಕಥೆ ಕೂಡಿಸುವವರಿಗೆ ಇದಕ್ಕಿಂತ ದೊಡ್ಡ ಪಾಠ ಬೇಡ.