ಕರ್ನಾಟಕ ಟೀಮಿನ ಹಳೇ ಹುಡುಗರು, ಅವರೊಳಗೊಬ್ಬರು ನಮ್ಮ ರಾಯಚೂರಿನವ್ರು

ಭಾಗ 1

ಒಂದು ಕೆಲಸ ಮಾಡ್ರಿ. ಮುಂದೆ ಓದೋಕೆ ಮೊದಲು ಕರ್ನಾಟಕ ರಣಜಿ ಟೀಮಿನ ನಿಮ್ಮ ಸಾರ್ವಕಾಲಿಕ ಹನ್ನೊಂದು ಮಂದಿ ಹೆಸರು ಮನಸ್ಸಿನ್ಯಾಗ ಎಣಿಸ್ರಿ. ದ್ರಾವಿಡ್, ಕುಂಬ್ಳೆ, ಶ್ರೀನಾಥ್, ವಿಶ್ವನಾಥ್... ಏಳೆಂಟು ಹೆಸರು ಒಂದೇ ಉಸಿರಿಗೆ ಬರ್ತಾವ. ಒಂಬತ್ತು, ಹತ್ತಕ್ಕೆ ಬಂದಾಗ ಜಗಳ ಶುರು. ನಮ್ಮ ವಯಸ್ಸಿನವ್ರು ಕೆ.ಎಲ್. ರಾಹುಲ್ ಅಂತಾರ, ಕಾಕಾಗಳು ಬ್ರಿಜೇಶ್ ಪಟೇಲ್ ಅಂತಾರ, ಅಜ್ಜ ಪಕ್ಕದಾಗ ಕೂತಿದ್ರ ಪ್ರಸನ್ನ ಇಲ್ಲದ್ದು ಅದೆಂಥಾ ಟೀಮಲೇ ಅಂತ ಬೈತಾರ.

ಈ ಜಗಳ ನಾನು ಚಾದಂಗಡಿಯಲ್ಲಿ ಎಷ್ಟೋ ಸಲ ಕೇಳೀನಿ, ಆಡೀನಿ. ರಾಯಚೂರಿನ ಹೆಸರು ಮಾತ್ರ ಒಮ್ಮೆನೂ ಬಂದಿಲ್ಲ. ಹಂಗಂದ್ರ ನಮ್ಮ ಕಡೆಯವರು ಯಾರೂ ಆಡೇ ಇಲ್ಲೇನು? ಆಡ್ಯಾರ. ನಾಯಕರೂ ಆಗ್ಯಾರ. ಅವರ ತನಕ ಬರ್ತೀನಿ, ಸ್ವಲ್ಪ ತಾಳ್ರಿ. ಮೊದಲು ಟೀಮಿನ ಕಥೆ ಹೇಳದಿದ್ರ ಅವರನ್ನ ಯಾಕ ಮರೆತ್ವಿ ಅನ್ನೋದು ತಿಳಿಯಂಗಿಲ್ಲ.

ಭಾಗ 2

ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ಆಡಿದ ಎರಡು ಟೀಮಿನಲ್ಲಿ ಒಂದು ನಮ್ಮದು. ಆಗ ಹೆಸರು ಮೈಸೂರು. 1934ರ ನವೆಂಬರ್ 4, ಚೆಪಾಕ್ ಮೈದಾನ, ಎದುರಿಗೆ ಮದ್ರಾಸ್. ಪಂದ್ಯ ಒಂದೇ ದಿನದಾಗ ಮುಗೀತು. ಮೈಸೂರಿಗೆ ಇನ್ನಿಂಗ್ಸ್ ಸೋಲು. ಶುರುವಾತೇ ಹಿಂಗ!

ನಮ್ಮದು ಅಂತ ಬರೆದೆ. ಖರೇ ಹೇಳ್ಬೇಕಂದ್ರ ಆಗ ಅದು ನಮ್ಮ ಟೀಮಲ್ಲ. ರಾಯಚೂರು, ದೇವದುರ್ಗ, ಮಾನ್ವಿ ಎಲ್ಲಾ ನಿಜಾಮರ ಹೈದರಾಬಾದ್ ಸಂಸ್ಥಾನದೊಳಗ ಇದ್ವು. ಹೈದರಾಬಾದಿಗೆ ಬೇರೆನೇ ಟೀಮ್ ಇತ್ತು, 1937-38ರಲ್ಲಿ ಅದು ರಣಜಿ ಗೆದ್ದೂ ಬಿಟ್ಟಿತ್ತು. ಅಂದ್ರ ನಮ್ಮ ಮುತ್ತಜ್ಜನ ಕಾಲದಾಗ ಇಲ್ಲಿ ಯಾರಾದ್ರೂ ಕ್ರಿಕೆಟ್ ಸುದ್ದಿ ಓದ್ತಿದ್ರ ಅವರಿಗೆ ಮೈಸೂರು ಎದುರಾಳಿ ಟೀಮು. 1956ರ ನವೆಂಬರ್ 1ಕ್ಕೆ ರಾಜ್ಯ ಒಂದಾಯ್ತು, ಟೀಮೂ ಬದಲಾಯ್ತು.

ಮೈಸೂರು ಎರಡು ಸಲ ಫೈನಲ್ ತನಕ ಹೋಗಿತ್ತು, 1941-42 ಮತ್ತು 1959-60. ಎರಡೂ ಸಲ ಬಾಂಬೆ ಹೊಡೆದು ಕಳಿಸ್ತು. ಆಮೇಲೆ 1973ರ ನವೆಂಬರ್ 1ಕ್ಕೆ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂತು. ಅದೇ ಸೀಸನ್ನಿನಲ್ಲಿ, 1973-74ರಲ್ಲಿ, ಟೀಮು ಮೊದಲ ಸಲ ರಣಜಿ ಎತ್ತಿತು. ಹೆಸರು ಬದಲಾದ ವರ್ಷವೇ ಟ್ರೋಫಿ. ನಾನು ಜಾತಕ ನಂಬಲ್ಲ, ಆದ್ರ ಇದನ್ನ ಓದಿದಾಗ ಮೈ ಜುಮ್ ಅಂದಿದ್ದು ಸುಳ್ಳಲ್ಲ.

ಭಾಗ 3

ಆ ಸೀಸನ್ನಿನ ಸೆಮಿಫೈನಲ್ ಬಗ್ಗೆ ಸ್ವಲ್ಪ ನಿಧಾನ ಹೇಳ್ತೀನಿ, ಯಾಕಂದ್ರ ಹಳೇ ಅಭಿಮಾನಿಗಳು ಫೈನಲ್ ಬಿಟ್ಟು ಇದನ್ನೇ ನೆನಸ್ತಾರ. ಬಾಂಬೆ ಆಗ 1958-59ರಿಂದ ಸಾಲಾಗಿ 15 ಸಲ ಚಾಂಪಿಯನ್. ಹದಿನೈದು! ನಮ್ಮ ಕ್ಲಾಸಿನ ಅರ್ಧ ಮಂದಿ ಹುಟ್ಟಿ ಪಿಯುಸಿ ಮುಗಿಸೋ ತನಕ ಒಂದೇ ಟೀಮು ಗೆಲ್ತಾ ಇದ್ರ ಹೆಂಗಿರ್ತದ ನೋಡ್ರಿ. 1974ರ ಮಾರ್ಚ್, ಬೆಂಗಳೂರು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ಕರ್ನಾಟಕ 385. ಆ ಕಡೆ ಗವಾಸ್ಕರ್, ವಾಡೇಕರ್. ನಾಯಕ ಪ್ರಸನ್ನ ಎಸೆದ ಒಂದು ಎಸೆತಕ್ಕೆ ಗವಾಸ್ಕರ್ ಬೌಲ್ಡ್. ವಾಡೇಕರ್ ರನೌಟ್. ಬಾಂಬೆ 307. ಮೊದಲ ಇನ್ನಿಂಗ್ಸಿನ 78 ರನ್ನಿನ ಲೀಡ್ ಮೇಲೆ 15 ವರ್ಷದ ಸಾಮ್ರಾಜ್ಯ ಮುಗೀತು. ಜೈಪುರದ ಫೈನಲ್ಲಿನಲ್ಲಿ ರಾಜಸ್ಥಾನವನ್ನ ಸೋಲಿಸಿದ್ದು ಆಮೇಲಿನ ಮಾತು.

ಈಗ ಆ ನಾಯಕನ ಬಗ್ಗೆ. ಎರಪಳ್ಳಿ ಪ್ರಸನ್ನ 1962ರ ಜನವರಿಯಲ್ಲಿ ಮೊದಲ ಟೆಸ್ಟ್ ಆಡಿದ್ರು, ಅದೇ ವರ್ಷ ವೆಸ್ಟ್ ಇಂಡೀಸಿಗೆ ಹೋಗಿ ಬಂದ್ರು. ಬಂದವರು ಮೈಸೂರಿನ ಎನ್‌ಐಇ ಕಾಲೇಜಿಗೆ ವಾಪಸ್, ಇಂಜಿನಿಯರಿಂಗ್ ಮುಗಿಸೋಕೆ. ಓದು ಮುಗಿಸಲೇಬೇಕು ಅನ್ನೋದು ಮನೆಯವರ ಕರಾರು. ಮುಂದಿನ ಟೆಸ್ಟ್ ಆಡಿದ್ದು ಯಾವಾಗ ಗೊತ್ತೇನು? 1967ರ ಜನವರಿ. ನಡುವೆ ಐದು ವರ್ಷ. 21ರಿಂದ 26, ಸ್ಪಿನ್ನರ್ ಬೆಳೆಯೋ ವಯಸ್ಸು. ಕೊನೆಗೆ 49 ಟೆಸ್ಟಿಗೆ 189 ವಿಕೆಟ್ ಆದ್ವು. ಆ ಐದು ವರ್ಷ ಸೇರಿಸಿದ್ರ ಎಷ್ಟಾಗ್ತಿತ್ತು ಅಂತ ಲೆಕ್ಕ ಹಾಕೋದು ಅಜ್ಜಂದಿರ ಇಷ್ಟದ ಆಟ.

ನಮ್ಮ ಟೀಮಿನ ತುಂಬಾ ಇಂಥ ಕಾಲೇಜ್ ಹುಡುಗರೇ. ಶ್ರೀನಾಥ್ ಮೈಸೂರಿನ ಎಸ್‌ಜೆಸಿಇ, ಕುಂಬ್ಳೆ ಆರ್‌ವಿ ಇಂಜಿನಿಯರಿಂಗ್. ಮತ್ತ ನಮ್ಮ ಬಿಕಾಂ ಬ್ಯಾಚಿನವರು ಕಾಲರ್ ಏರಿಸ್ಕೋಬಹುದು: ದ್ರಾವಿಡ್ ಓದಿದ್ದು ಸೇಂಟ್ ಜೋಸೆಫ್ಸ್ ಕಾಲೇಜ್ ಆಫ್ ಕಾಮರ್ಸ್‌ನಲ್ಲಿ. (ಹಂಗಂತ ಬ್ಯಾಕ್‌ಲಾಗ್ ಕ್ಲಿಯರ್ ಆಗಲ್ಲ, ಓದ್ರಿ.)

ಭಾಗ 4

ಕಾಮರ್ಸ್ ಭಾಷೆಯಾಗೇ ಹೇಳ್ತೀನಿ. ನಾವು ಅಭಿಮಾನಿಗಳು ಹಳೇ ಆಟಗಾರರನ್ನ ನೆನಸೋವಾಗ ಬರೀ ಕ್ರೆಡಿಟ್ ಸೈಡ್ ಓದ್ತೀವಿ. ಇಷ್ಟು ರನ್, ಇಷ್ಟು ವಿಕೆಟ್, 8 ರಣಜಿ ಟ್ರೋಫಿ. ಡೆಬಿಟ್ ಸೈಡಿನಲ್ಲಿ ಏನೇನು ಬರೆದದ ಅಂತ ಪುಟ ತಿರುವಿ ನೋಡಲ್ಲ. ಪ್ರಸನ್ನ ಅವರ ಡೆಬಿಟ್ಟಿನಲ್ಲಿ ಐದು ವರ್ಷ. ಸುನಿಲ್ ಜೋಶಿ ಅವರದ್ದು ಕಿಲೋಮೀಟರು.

ಜೋಶಿ ಗದಗಿನವರು. ಊರಲ್ಲಿ ಬೇಕಾದ ಪ್ರಾಕ್ಟೀಸ್ ಸಿಗ್ತಿರಲಿಲ್ಲ. ಅದಕ್ಕ ಹುಡುಗ ಇದ್ದಾಗ ಬೆಳಗ್ಗೆ ಎದ್ದು ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ, ಆಡಿ, ಮತ್ತ ಗದಗಿಗೆ ಬಂದು ಶಾಲೆಗೆ ಹೋಗ್ತಿದ್ರು. ಒಂದು ಕಡೆಗೆ ಸುಮಾರು 60 ಕಿಲೋಮೀಟರ್. ದೇವದುರ್ಗದಿಂದ ರಾಯಚೂರಿಗೆ ಬಸ್ಸಿನಾಗ ಬರೋ ನಮ್ಮ ಗೆಳೆಯರಿಗೆ ಈ ದೂರ ಏನಂತ ನಾನು ಹೇಳಬೇಕಾಗಿಲ್ಲ, ಹೆಚ್ಚೂಕಡಿಮೆ ಅಷ್ಟೇ. ಬಸ್ ಪಾಸ್ ಹಿಡಕೊಂಡು ನಿಂತೇ ಬರೋರು ನೀವು. ಅದರ ಮೇಲೆ ಹೆಗಲಿಗೆ ಕಿಟ್ ಬ್ಯಾಗ್ ಒಂದು ಹಾಕಿ ನೋಡ್ರಿ.

ಆ ಗದಗಿನ ಹುಡುಗ 1999ರ ಸೆಪ್ಟೆಂಬರಿನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಮೇಲೆ 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಇನ್ನೊಮ್ಮೆ ಓದ್ರಿ, ಟೈಪಿಂಗ್ ಮಿಸ್ಟೇಕ್ ಅಲ್ಲ. 1998-99ರ ಸೀಸನ್ನಿನಲ್ಲಿ ಕರ್ನಾಟಕ ರಣಜಿ ಗೆದ್ದಾಗ ನಾಯಕನೂ ಅವರೇ.

ಸಣ್ಣ ಊರಿನವ್ರು ಇನ್ನೂ ಅದಾರ. ವಿಶ್ವನಾಥ್ ಹುಟ್ಟಿದ್ದು ಭದ್ರಾವತಿ. ವಿನಯ್ ಕುಮಾರ್ ದಾವಣಗೆರೆ. 2013-14, 2014-15 ಎರಡು ವರ್ಷ ಸಾಲಾಗಿ ಟ್ರೋಫಿ ತಂದ ನಾಯಕ. ಎರಡನೇ ಫೈನಲ್ಲಿನಲ್ಲಿ ತಮಿಳುನಾಡು ಮೇಲೆ ಕರುಣ್ ನಾಯರ್ 328 ಹೊಡೆದಿದ್ದು ಎಲ್ಲರಿಗೂ ನೆನಪದ. ಅದೇ ಪಂದ್ಯದಾಗ ವಿನಯ್ 5 ವಿಕೆಟ್ ತಗೊಂಡು ಶತಕನೂ ಹೊಡೆದ್ರು ಅನ್ನೋದು ಎಷ್ಟು ಮಂದಿಗೆ ನೆನಪದ?

ಭಾಗ 5

ಈಗ ನಮ್ಮವರು. ಯೆರೆ ಗೌಡ. 1971ರಲ್ಲಿ ರಾಯಚೂರಿನಲ್ಲಿ ಹುಟ್ಟಿದವರು. ಬಲಗೈ ಬ್ಯಾಟ್ಸ್‌ಮನ್, ಮಿಡಲ್ ಆರ್ಡರ್. ಗಂಟೆಗಟ್ಟಲೆ ನಿಂತು ಬೌಲರ್ ಬೆವರಿಳಿಸೋ ಜಾತಿ. 100ಕ್ಕೂ ಹೆಚ್ಚು ಪ್ರಥಮ ದರ್ಜೆ ಪಂದ್ಯ, 7000ಕ್ಕೂ ಹೆಚ್ಚು ರನ್. ಇದು ಬೇಸಿಗೆ ರಜಾದಾಗ ಟೆನಿಸ್ ಬಾಲ್ ಟೂರ್ನಿ ಆಡಿದಂಗಲ್ಲ ಮತ್ತ. ಭಾರತದ ಪರ ಒಂದೂ ಪಂದ್ಯ ಸಿಗಲಿಲ್ಲ.

ಅವರು ರಣಜಿಗೆ ಬಂದಿದ್ದು ತೊಂಬತ್ತರ ದಶಕದ ಮಧ್ಯದಲ್ಲಿ, ಕರ್ನಾಟಕದ ಪರ. ಆ ಕಾಲದ ಕರ್ನಾಟಕದ ಬ್ಯಾಟಿಂಗ್ ಲಿಸ್ಟ್ ನೋಡ್ರಿ: ದ್ರಾವಿಡ್, ವಿಜಯ್ ಭಾರದ್ವಾಜ್, ಅರುಣ್ ಕುಮಾರ್, ಸೋಮಸುಂದರ್. 1995-96, 1997-98, 1998-99, ನಾಲ್ಕು ವರ್ಷದಾಗ ಮೂರು ಟ್ರೋಫಿ ಗೆದ್ದ ಟೀಮದು. ಗೌಡ ಅವರು ಹೆಸರು ಮಾಡಿದ್ದು ಮಾತ್ರ ರೈಲ್ವೇಸ್ ಟೀಮಿನಲ್ಲಿ. ಗೊತ್ತಿಲ್ಲದವರಿಗೆ: ರೈಲ್ವೆ ಇಲಾಖೆಗೆ ರಣಜಿಯಲ್ಲಿ ತನ್ನದೇ ಟೀಮದ, ಆಡೋರು ಇಲಾಖೆಯ ನೌಕರರು. ಐಪಿಎಲ್ ಹರಾಜು ಇಲ್ಲದ ಕಾಲದಾಗ ಕ್ರಿಕೆಟಿನವರಿಗೆ ತಿಂಗಳ ಪಗಾರ ಅಂದ್ರ ಹಿಂಗೇ, ರೈಲ್ವೆ ಅಥವಾ ಬ್ಯಾಂಕು.

ನಮ್ಮೂರಿಗೂ ರೈಲಿಗೂ ಹಳೇ ನಂಟು. 1871ರಲ್ಲಿ ಬಾಂಬೆ ಕಡೆಯಿಂದ ಬಂದ ಹಳಿ, ಮದ್ರಾಸ್ ಕಡೆಯಿಂದ ಬಂದ ಹಳಿ ಕೂಡಿದ್ದು ರಾಯಚೂರಿನಲ್ಲೇ. ಆ ಊರಿನ ಹುಡುಗ ರೈಲ್ವೇಸ್ ಪರ ಆಡಿದ್ದು ಕತೆಗೆ ಚಂದ ಕಾಣ್ತದ. ಅಭಿಮಾನಿಗಳ ನೆನಪಿಗೆ ಮಾತ್ರ ಅದೇ ಮುಳುವಾಯ್ತು ನೋಡ್ರಿ.

ಯಾಕಂದ್ರ, 2000-01ರ ಫೈನಲ್ಲಿನಲ್ಲಿ ರೈಲ್ವೇಸ್ ಬರೋಡಾ ಎದುರು 21 ರನ್ನಿಂದ ಸೋತಿತು. ಮುಂದಿನ ವರ್ಷ ಅದೇ ಬರೋಡಾವನ್ನ ಸೋಲಿಸಿ ತನ್ನ ಇತಿಹಾಸದ ಮೊದಲ ರಣಜಿ ಗೆದ್ದಿತು. 2004-05ರಲ್ಲಿ ಪಂಜಾಬ್ ಮೇಲೆ ಇನ್ನೊಂದು. ಎರಡೂ ಸಲ ಆ ಬ್ಯಾಟಿಂಗಿನ ಕಂಬ ಯೆರೆ ಗೌಡ. ಆದ್ರ ರೈಲ್ವೇಸಿಗೆ ಊರಿಲ್ಲ. ಚಾದಂಗಡಿ ಇಲ್ಲ. ಜಗಳ ಆಡೋ ಅಜ್ಜ ಇಲ್ಲ. ಆ ಟ್ರೋಫಿ ಬಂದಾಗ ಯಾವ ಸರ್ಕಲ್ಲಿನಲ್ಲಿ ಪಟಾಕಿ ಹೊಡೀಬೇಕು? ಆಮೇಲೆ ಅವರು ಕರ್ನಾಟಕಕ್ಕೆ ವಾಪಸ್ ಬಂದ್ರು, ನಾಯಕರೂ ಆದ್ರು. ಅಷ್ಟೊತ್ತಿಗೆ ನಮ್ಮ ಟೀಮಿನದು ಬರಗಾಲ. 1998-99 ಆದ ಮೇಲೆ 2013-14ರ ತನಕ ಒಂದೂ ರಣಜಿ ಇಲ್ಲ. 2010ರ ಜನವರಿಯ ಮೈಸೂರು ಫೈನಲ್ ನೆನಪಿರೋರು ಎದೆ ಮುಟ್ಕೊಳ್ರಿ: ಮನೀಶ್ ಪಾಂಡೆ 144 ಹೊಡೆದ್ರೂ ಮುಂಬೈ ಮುಂದ 6 ರನ್ನಿಂದ ಸೋಲು.

ಅಂದ್ರ ಗೌಡ ಅವರ ಟ್ರೋಫಿ ಬೇರೆಯವರ ಕಪಾಟಿನಲ್ಲಿ, ಅವರ ನಾಯಕತ್ವ ನಮ್ಮ ಖಾಲಿ ವರ್ಷಗಳಲ್ಲಿ. ಬೆಂಗಳೂರಿನವರು ಮರೆತ್ರು ಅಂತ ನಾನು ಬೈಯಲ್ಲ. ರಾಯಚೂರಿನವ್ರೇ ಮರೆತ್ವಲ್ಲ, ಅದು ಚುಚ್ಚೋದು. ನಮ್ಮ ಕ್ಲಾಸಿನಲ್ಲಿ ಕೇಳ್ರಿ ಬೇಕಾದ್ರ.

ಭಾಗ 6

ನಮಗೆ ಕಾಲೇಜ್ ಸೀಟಿಗೆ, ಸರ್ಕಾರಿ ನೌಕರಿಗೆ 371(ಜೆ) ಅದ. ಹನ್ನೊಂದರೊಳಗಿನ ಸೀಟಿಗೆ ಯಾವ ಜೆನೂ ಇಲ್ಲ, ಇರಲೂಬಾರದು ಅನ್ನೋದು ನನ್ನ ಅಭಿಪ್ರಾಯ. ರಾಜ್ಯ ಕ್ರಿಕೆಟ್ ಸಂಸ್ಥೆಯಲ್ಲಿ ರಾಯಚೂರು ಹೆಸರಿನ ವಲಯವೇ ಅದ, ವಲಯದ ಟೀಮಿನಿಂದ ಮೇಲೆ ಹೋಗೋ ದಾರಿ ಅದ. ಆದ್ರ ಮಾನ್ವಿಯ ಹುಡುಗನೊಬ್ಬ ಸೆಲೆಕ್ಷನ್ನಿಗೆ ಹೋಗ್ತೀನಿ ಅಂದಾಗ ಮನೆಯಲ್ಲಿ ಕೇಳೋ ಮೊದಲ ಪ್ರಶ್ನೆ, ನಮ್ಮ ಕಡೆಯಿಂದ ಯಾರರ ಹೋಗ್ಯಾರೇನಲೇ? ಅದಕ್ಕೆ ಉತ್ತರ ಅದ, ಹೆಸರು ಸಮೇತ ಅದ. ಹುಡುಗನಿಗೇ ಆ ಹೆಸರು ಗೊತ್ತಿಲ್ಲ.

ಮುಂದಿನ ಭಾಗಕ್ಕೆ ಹಳೇ ಫೋಟೋ ಹುಡುಕ್ತಾ ಇದೀನಿ. ಎಂಬತ್ತು, ತೊಂಬತ್ತರ ದಶಕದಾಗ ರಾಯಚೂರಿನಲ್ಲಿ ಮ್ಯಾಟಿನ ಮೇಲೆ ಲೆದರ್ ಬಾಲ್ ಆಡಿದ ಅಪ್ಪ, ಕಾಕಾ, ಮಾವ ನಿಮ್ಮ ಮನೆಯಲ್ಲಿ ಇದ್ರ ಇವತ್ತ ಊಟಕ್ಕ ಕೂತಾಗ ಕೇಳ್ರಿ. ಸ್ಕೋರ್‌ಬುಕ್ಕಿನ ಒಂದು ಹರಿದ ಹಾಳೆ ಸಿಕ್ಕರೂ ಸಾಕು, ಫೋನಿನಾಗ ಫೋಟೋ ಹೊಡೆದು ನನಗೆ ಕಳಿಸ್ರಿ.