ಸಿವಿಲ್ ಹೊಣೆ ಮತ್ತು ಕ್ರಿಮಿನಲ್ ಹೊಣೆ: ಉತ್ತರ ಬೆಂಗಳೂರಿನ ಸಂದರ್ಭದಲ್ಲಿ

ಒಬ್ಬರ ಕೃತ್ಯದಿಂದ ಮತ್ತೊಬ್ಬರಿಗಾದ ನಷ್ಟವನ್ನು ತುಂಬಿಕೊಡುವ ಬಾಧ್ಯತೆಗೆ ಸಿವಿಲ್ ಹೊಣೆ ಎಂದು ಹೆಸರು. ಆ ಕೃತ್ಯ ಕಾನೂನಿನಲ್ಲಿ ಅಪರಾಧವೂ ಆಗಿದ್ದರೆ, ಸರ್ಕಾರದ ಎದುರು ನಿಂತು ದಂಡವನ್ನೋ ಸೆರೆವಾಸವನ್ನೋ ಅನುಭವಿಸಬೇಕಾದದ್ದು ಕ್ರಿಮಿನಲ್ ಹೊಣೆ. ಹೆಬ್ಬಾಳದಲ್ಲಿ ಲಾರಿಯೊಂದು ಬೈಕಿಗೆ ಗುದ್ದಿ ಸವಾರ ಸತ್ತರೆ ಎರಡು ಕಡತ ಹುಟ್ಟುತ್ತವೆ. ಸಂಚಾರ ಠಾಣೆಯ ಎಫ್‌ಐಆರ್ ದೋಷಾರೋಪ ಪಟ್ಟಿಯಾಗಿ ಮ್ಯಾಜಿಸ್ಟ್ರೇಟರ ಬಳಿ ಸಿ.ಸಿ. ನಂಬರು ಪಡೆಯುತ್ತದೆ. ಮನೆಯವರು ಹಾಕುವ ಕ್ಲೇಮ್ ಅರ್ಜಿ ಸ್ಮಾಲ್ ಕಾಸಸ್ ಕೋರ್ಟಿನಲ್ಲೇ ಕೂರುವ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಎಂ.ವಿ.ಸಿ. ನಂಬರು ಪಡೆಯುತ್ತದೆ. ಮೊದಲನೆಯದರಲ್ಲಿ ಸರ್ಕಾರ ಮತ್ತು ಚಾಲಕ ಎದುರಾಳಿಗಳು, ಮನೆಯವರು ಹೆಚ್ಚೆಂದರೆ ಸಾಕ್ಷಿಗಳು. ಎರಡನೆಯದರಲ್ಲಿ ಮನೆಯವರೇ ಅರ್ಜಿದಾರರು, ಎದುರಿಗೆ ವಾಹನದ ಮಾಲೀಕ ಮತ್ತು ವಿಮಾ ಕಂಪನಿ.

ಖುಲಾಸೆಯಾದರೆ ಪರಿಹಾರವಿಲ್ಲ, ಪರಿಹಾರ ಕೊಟ್ಟರೆ ಕೇಸು ಮುಗಿಯಿತು ಎಂಬ ಎರಡು ಮಾತುಗಳು ಪತ್ರಿಕಾ ವರದಿಗಳಲ್ಲಿ ಈಗಲೂ ಕಾಣುತ್ತವೆ. ಎರಡೂ ತಪ್ಪು. ಈ ಲೇಖನದ ಹೆಚ್ಚು ಭಾಗ ಆ ಗೊಂದಲದ ಸುತ್ತಲೇ ಇದೆ.

ಹಿನ್ನೆಲೆ

ಸಿವಿಲ್, ಕ್ರಿಮಿನಲ್ ಎಂಬ ಈ ವಿಂಗಡಣೆಯನ್ನು ಬ್ರಿಟಿಷರು ತಂದರೆಂಬ ಹೇಳಿಕೆಗೆ ತಿದ್ದುಪಡಿ ಬೇಕು. ಬೃಹಸ್ಪತಿ ಸ್ಮೃತಿ ವ್ಯಾಜ್ಯಗಳನ್ನು ಧನಮೂಲ, ಹಿಂಸಾಮೂಲ ಎಂದು ಆಗಲೇ ಎರಡಾಗಿ ಒಡೆದಿತ್ತು. ಶಾಸನಗಳ ನೆತ್ತರುಗೊಡಗೆಯನ್ನು ಕೆಲವರು ಪರಿಹಾರ ಕಾನೂನಿನ ಪೂರ್ವಜನೆಂದು ಕರೆಯುವುದುಂಟು. ಅದು ಮಾತ್ರ ಅತಿಯಾಯಿತು: ಕಾಳಗದಲ್ಲಿ ಮಡಿದವನ ಮನೆಗೆ ಒಡೆಯ ಕೊಟ್ಟ ಭೂಮಿ ಕೃಪೆಯೇ ಹೊರತು ತಪ್ಪಿತಸ್ಥ ತೆತ್ತ ಬೆಲೆಯಲ್ಲ.

ಇಂಡಿಯನ್ ಪೀನಲ್ ಕೋಡ್ ಮೈಸೂರಿಗೆ ಬಂದದ್ದು ಕಮಿಷನರ್ ಆಡಳಿತದಲ್ಲಿ. 1881ರಲ್ಲಿ ಸಂಸ್ಥಾನ ಒಡೆಯರಿಗೆ ಮರಳಿದರೂ ಬೆಂಗಳೂರಿನ ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳಿಯಿತು. ಹೀಗಾಗಿ ಯಲಹಂಕ, ಹೆಬ್ಬಾಳಗಳು ಮಹಾರಾಜರ ನ್ಯಾಯಾಲಯಗಳ ವ್ಯಾಪ್ತಿಯಲ್ಲಿದ್ದರೆ, ದಕ್ಷಿಣಕ್ಕೆ ತುಸು ದೂರದ ದಂಡಿನ ಬೀದಿಗಳಲ್ಲಿ ಬೇರೆಯೇ ಕೋರ್ಟು. ಈ ಗಡಿ 1947ರ ಜುಲೈವರೆಗೂ ಇತ್ತು. 1884ರ ಚೀಫ್ ಕೋರ್ಟ್ 1930ರಲ್ಲಿ ಮೈಸೂರು ಹೈಕೋರ್ಟ್ ಆಯಿತು. ಬೆಂಗಳೂರಿಗೆ ಪ್ರತ್ಯೇಕ ಸಿಟಿ ಸಿವಿಲ್ ಕೋರ್ಟ್ ಬಂದದ್ದು 1979ರ ಕಾಯ್ದೆಯಿಂದ.

ನಿಜವಾದ ತಿರುವು: ವಿಮೆ ಮತ್ತು ನ್ಯಾಯಮಂಡಳಿ

ಸಾಮಾನ್ಯ ಕಾಲಾನುಕ್ರಮಣಿಕೆಗಳು ದಂಡ ಸಂಹಿತೆಯನ್ನೇ ಮೈಲಿಗಲ್ಲಾಗಿ ತೋರಿಸುತ್ತವೆ. ಬಾಧಿತರ ಕಡೆಯಿಂದ ನೋಡಿದರೆ ಎರಡು ಬೇರೆ ಘಟನೆಗಳು ಹೆಚ್ಚು ತೂಕದವು. 1939ರ ಮೋಟಾರು ವಾಹನ ಕಾಯ್ದೆಯ ಮೂರನೇ ವ್ಯಕ್ತಿ ವಿಮೆಯ ಅಧ್ಯಾಯ 1946ರ ಜುಲೈ 1ರಿಂದ ಜಾರಿಯಾದದ್ದು ಒಂದು. 1956ರ ತಿದ್ದುಪಡಿ ಪರಿಹಾರ ನ್ಯಾಯಮಂಡಳಿಗಳಿಗೆ ದಾರಿ ಮಾಡಿದ್ದು ಇನ್ನೊಂದು. ಅಲ್ಲಿಯವರೆಗೆ 1855ರ ಪ್ರಾಣಾಂತಿಕ ಅಪಘಾತ ಕಾಯ್ದೆಯಡಿ ಕೋರ್ಟ್ ಶುಲ್ಕ ಕಟ್ಟಿ ದಾವೆ ಹೂಡಿ, ಗೆದ್ದ ಮೇಲೂ ಚಾಲಕನ ಜೇಬಿನಲ್ಲಿ ಏನಿದೆಯೆಂದು ಹುಡುಕಬೇಕಿತ್ತು. ವಿಮೆ ಬಂದ ಮೇಲೆ ಸಿವಿಲ್ ಹೊಣೆ ತಪ್ಪು ಮಾಡಿದವನ ಮೈಯಿಂದ ಕಳಚಿಕೊಂಡು ಕಂಪನಿಯ ಖಾತೆಗೆ ಹೋಯಿತು. ಕ್ರಿಮಿನಲ್ ಹೊಣೆಗೆ ಈ ಸೌಕರ್ಯವಿಲ್ಲ. ಜೈಲಿಗೆ ಯಾವ ಪಾಲಿಸಿಯೂ ಇಲ್ಲ. ಆರೋಪಿ ಸತ್ತರೆ ಮೊಕದ್ದಮೆ ಅವನೊಂದಿಗೇ ಮುಗಿಯುತ್ತದೆ. ಪರಿಹಾರದ ಹಕ್ಕು ಹಾಗೆ ಮುಗಿಯದೆ ಮಾಲೀಕ ಮತ್ತು ವಿಮಾದಾರರ ಮೇಲೆ ಮುಂದುವರಿಯುತ್ತದೆ.

ಅಪರಾಧದ ಹೊಣೆ ವೈಯಕ್ತಿಕ ಎಂಬ ಈ ನಿಯಮಕ್ಕೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಒಂದು ಅಪವಾದ ತಂದಿತು. ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೂ ಮಾಲೀಕರಿಗೂ 3 ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ.

ಪುರಾವೆಯ ಅಳತೆ

ಎರಡು ಹೊಣೆಗಳ ನಡುವಿನ ದೊಡ್ಡ ಅಂತರ ಶಿಕ್ಷೆಯಲ್ಲಿರುವುದಕ್ಕಿಂತ ಪುರಾವೆಯಲ್ಲಿದೆ. ಇದರ ಮುಖ್ಯ ತೀರ್ಪುಗಳಲ್ಲಿ ಎರಡು ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದವು. ಸೈಯದ್ ಅಕ್ಬರ್ ವಿರುದ್ಧ ಕರ್ನಾಟಕ ಸರ್ಕಾರ (1979) ಪ್ರಕರಣದಲ್ಲಿ ಬಸ್ಸಿಗೆ ಸಿಕ್ಕಿ ಮಗುವೊಂದು ಸತ್ತಿತ್ತು. ಘಟನೆಯೇ ತಪ್ಪನ್ನು ಸಾರುತ್ತದೆ ಎಂಬ ತತ್ತ್ವವನ್ನು ಹಿಡಿದು ಕ್ರಿಮಿನಲ್ ಮೊಕದ್ದಮೆಯಲ್ಲಿ ರುಜುವಾತಿನ ಭಾರವನ್ನು ಆರೋಪಿಯ ಮೇಲೆ ಹೊರಿಸಲಾಗದೆಂದು ನ್ಯಾಯಮೂರ್ತಿ ಸರ್ಕಾರಿಯಾ ಬರೆದರು, ಚಾಲಕ ಖುಲಾಸೆಯಾದ. 1998ರ ಕರ್ನಾಟಕ ಸರ್ಕಾರ ವಿರುದ್ಧ ಸತೀಶ್ ತೀರ್ಪು ಇನ್ನೊಂದು ಹೆಜ್ಜೆ ಮುಂದಿಟ್ಟಿತು: ಮಗುಚಿದ ಲಾರಿ ಅತಿವೇಗದಲ್ಲಿತ್ತು ಎಂದ ಮಾತ್ರಕ್ಕೆ ಅಜಾಗರೂಕತೆ ಸಾಬೀತಾಗದು. ಸ್ಥಳದಲ್ಲಿದ್ದವರು ‘ಜೋರಾಗಿ ಬಂದ’ ಎಂದಷ್ಟೇ ಹೇಳುವ ಸಾಕ್ಷ್ಯ ಅಂದಿನಿಂದ ಸಾಲದಾಯಿತು.

ಸಿವಿಲ್ ಕಡೆಯ ಅಳತೆಯೇ ಬೇರೆ. ಕಾರು ಮರಕ್ಕೆ ಗುದ್ದಿದ ಪುಷ್ಪಾಬಾಯಿ ಪ್ರಕರಣದಲ್ಲಿ (1977) ಅದೇ ತತ್ತ್ವವನ್ನು ಬಳಸಿ ಪರಿಹಾರ ಕೊಡಲಾಯಿತು. ಕ್ರಿಮಿನಲ್ ಕೋರ್ಟಿನ ಖುಲಾಸೆ ನ್ಯಾಯಮಂಡಳಿಯ ಕೈ ಕಟ್ಟದೆಂದು 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಎನ್.ಕೆ.ವಿ. ಬ್ರದರ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದರು. ಒಂದೆಡೆ ಸಂಶಯಾತೀತ ರುಜುವಾತು ಬೇಕು. ಇನ್ನೊಂದೆಡೆ ಹೀಗಾಗಿರುವ ಸಂಭವವೇ ಹೆಚ್ಚು ಎಂದು ಕಂಡರೆ ಸಾಕು. ಆದರೂ ಎರಡೂ ಕಡತಗಳಲ್ಲಿ ಇರುವ ಕಾಗದ ಬಹುಮಟ್ಟಿಗೆ ಅವೇ: ಎಫ್‌ಐಆರ್, ಸ್ಥಳ ಮಹಜರು, ವಾಹನ ತಪಾಸಣೆಯ ಐಎಂವಿ ವರದಿ, ದೋಷಾರೋಪ ಪಟ್ಟಿ.

ಒಂದು ಕೋರ್ಟಿನ ತೀರ್ಮಾನ ಇನ್ನೊಂದನ್ನು ಎಷ್ಟು ಕಟ್ಟಿಹಾಕುತ್ತದೆ ಎಂಬುದರಲ್ಲಿ ತೀರ್ಪುಗಳೇ ಬಹುಕಾಲ ಒಮ್ಮತಕ್ಕೆ ಬರಲಿಲ್ಲ. ಸಿವಿಲ್ ಕೋರ್ಟಿನ ನಿರ್ಣಯಕ್ಕೆ ಕ್ರಿಮಿನಲ್ ಕೋರ್ಟ್ ತಲೆಬಾಗಬೇಕೆಂಬ ವಿ.ಎಂ. ಶಾ (1995) ತೀರ್ಪಿನ ಮಾತು ಸರಿಯಲ್ಲವೆಂದು ಕೆ.ಜಿ. ಪ್ರೇಮಶಂಕರ್ (2002) ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಹಳೆಯ ಕೈಪಿಡಿಗಳಲ್ಲಿ ಮೊದಲ ತೀರ್ಪು ಇನ್ನೂ ಉಳಿದುಕೊಂಡಿದೆ.

ಪರಿಹಾರ ಕೊಟ್ಟರೆ ಕೇಸು ಮುಗಿಯಿತು ಎಂಬ ಮಾತಿಗೆ ಉತ್ತರ ರಾಜಿಯ ನಿಯಮದಲ್ಲಿದೆ. ಲೋಕ ಅದಾಲತ್‌ನಲ್ಲಿ ಕ್ಲೇಮ್ ಅರ್ಜಿ ರಾಜಿಯಾಗಬಹುದು. ಆದರೆ ಅಜಾಗರೂಕತೆಯಿಂದ ಸಾವು ತಂದ ಅಪರಾಧ, ಅಂದರೆ ಹಳೆಯ ಪೀನಲ್ ಕೋಡಿನ 304ಎ ಕಲಂ, ರಾಜಿಯಾಗುವ ಅಪರಾಧಗಳ ಪಟ್ಟಿಯಲ್ಲಿ ಎಂದೂ ಇರಲಿಲ್ಲ.

ಗೆರೆ ಅಳಿಸಿದ ಜಾಗ: ಚೆಕ್ ಪ್ರಕರಣಗಳು

ಯಶವಂತಪುರದ ಎಪಿಎಂಸಿ ಯಾರ್ಡಿನಂಥ ಮಾರುಕಟ್ಟೆಯಲ್ಲಿ ಮಾಲು ಮೊದಲು, ಹಣ ಆಮೇಲೆ. ಬಾಕಿ ಉಳಿಸಿಕೊಳ್ಳುವುದು ಶುದ್ಧ ಸಿವಿಲ್ ವಿಷಯ. 1989ರ ಏಪ್ರಿಲ್ 1ರಿಂದ ಜಾರಿಯಾದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ, ಆ ಬಾಕಿಗೆ ಕೊಟ್ಟ ಚೆಕ್ ಬೌನ್ಸ್ ಆಗಿ, ನೋಟಿಸ್ ಬಳಿಕವೂ ಹಣ ಬಾರದಿದ್ದರೆ ಅದನ್ನು ಅಪರಾಧವಾಗಿಸಿತು. ಇಲ್ಲಿ ಭಾರವೂ ತಿರುಗಿಬಿತ್ತು. ಚೆಕ್ಕಿನ ಹಿಂದೆ ಸಾಲ ಇತ್ತೆಂದೇ ಕೋರ್ಟ್ ಭಾವಿಸಬೇಕು, ಇಲ್ಲವೆನ್ನುವವನು ತೋರಿಸಬೇಕು ಎಂದು ರಂಗಪ್ಪ ವಿರುದ್ಧ ಶ್ರೀ ಮೋಹನ್ (2010) ಪ್ರಕರಣದಲ್ಲಿ ತೀರ್ಮಾನವಾಯಿತು, ಅದೂ ಕರ್ನಾಟಕದ್ದೇ. ಬೆಂಗಳೂರಿನ ಸ್ಮಾಲ್ ಕಾಸಸ್ ನ್ಯಾಯಾಧೀಶರು ಮ್ಯಾಜಿಸ್ಟ್ರೇಟರಾಗಿ ಈ ಕೇಸುಗಳನ್ನೂ ನಡೆಸುತ್ತಾರೆ. ಅಪಘಾತ ಪರಿಹಾರ ನಿಗದಿ ಮಾಡಿದ ಪೀಠದಿಂದಲೇ ಚೆಕ್ ಕೊಟ್ಟವನಿಗೆ ಶಿಕ್ಷೆಯೂ ಬರಬಹುದು. ಎರಡು ಹೊಣೆಗಳು ಎರಡು ಕಟ್ಟಡಗಳಲ್ಲಿವೆ ಎಂಬ ಪಠ್ಯಪುಸ್ತಕದ ಚಿತ್ರ ಇಲ್ಲಿ ಹೊಂದುವುದಿಲ್ಲ.

ಸಾರ್ವಜನಿಕ ಸಂಸ್ಥೆಗಳು, 2019ರ ನಂತರ

ಗುದ್ದಿದ ವಾಹನವೇ ಇಲ್ಲದಿದ್ದರೆ? ರಸ್ತೆಗುಂಡಿಯಿಂದ ಸಾವುನೋವಾದವರು ಆಗಿನ ಪಾಲಿಕೆ ಬಿಬಿಎಂಪಿಯಿಂದ ಪರಿಹಾರ ಕೇಳಬಹುದೆಂದು 2019ರಲ್ಲಿ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಹೈಕೋರ್ಟ್ ಪೀಠ ಹೇಳಿತು. 2022ರ ಮಾರ್ಚಿನಲ್ಲಿ ವಿದ್ಯಾರಣ್ಯಪುರ ಬಳಿಯ ಎಂ.ಎಸ್. ಪಾಳ್ಯದಲ್ಲಿ ಗುಂಡಿಯಿಂದಾಗಿ ಯುವಕನೊಬ್ಬ ಸತ್ತಾಗ ಈ ಪ್ರಶ್ನೆ ಉತ್ತರ ಬೆಂಗಳೂರಿಗೇ ಬಂತು.

2023ರ ಜನವರಿ 10ರಂದು ನಾಗವಾರ ಸಮೀಪ ಹೊರವರ್ತುಲ ರಸ್ತೆಯಲ್ಲಿ, ವಿಮಾನ ನಿಲ್ದಾಣ ಮಾರ್ಗದ ಮೆಟ್ರೊ ಕಂಬಕ್ಕೆ ಕಟ್ಟಿದ್ದ ಕಬ್ಬಿಣದ ಚೌಕಟ್ಟು ದ್ವಿಚಕ್ರ ವಾಹನದ ಮೇಲೆ ಬಿದ್ದು ತಾಯಿ ಮತ್ತು ಪುಟ್ಟ ಮಗ ಸತ್ತರು. ಪೊಲೀಸರು ಗುತ್ತಿಗೆ ಕಂಪನಿ ಮತ್ತು ಮೆಟ್ರೊ ನಿಗಮದ ಅಧಿಕಾರಿಗಳ ಮೇಲೆ ಮೊಕದ್ದಮೆ ದಾಖಲಿಸಿದರು. ಹೈಕೋರ್ಟ್ ಸ್ವಯಂಪ್ರೇರಿತವಾಗಿ ವಿಷಯವನ್ನು ಕೈಗೆತ್ತಿಕೊಂಡಿತು. ನಿಗಮ 20 ಲಕ್ಷ, ರಾಜ್ಯ ಸರ್ಕಾರ 10 ಲಕ್ಷ ರೂಪಾಯಿ ಘೋಷಿಸಿದವು. ಅದೇ ವರ್ಷ ಕುಟುಂಬ 10 ಕೋಟಿ ಪರಿಹಾರ ಕೋರಿ ಹೈಕೋರ್ಟಿಗೆ ಹೋಯಿತು. ಘೋಷಿತ ಮೊತ್ತವನ್ನು ಹೊಣೆಯ ಒಪ್ಪಿಗೆ ಎಂದು ದಾಖಲಿಸಿದ ಬರಹಗಳಿವೆ, ಆದರೆ ಸಹಾಯಧನ ಯಾರ ತಪ್ಪನ್ನೂ ತೀರ್ಮಾನಿಸುವುದಿಲ್ಲ. ಅಪಘಾತ ನ್ಯಾಯಮಂಡಳಿಯ ದಾರಿ ಇರುವುದು ಮೋಟಾರು ವಾಹನದ ಬಳಕೆಯಿಂದಾದ ಹಾನಿಗೆ. ಚೌಕಟ್ಟು ಬಿದ್ದದ್ದು ಸುಲಭವಾಗಿ ಅದರೊಳಗೆ ಬಾರದ ಕಾರಣ ರಿಟ್ ಅಥವಾ ಸಿವಿಲ್ ದಾವೆಯೇ ಗತಿ.

2024ರ ಜುಲೈ 1ರಿಂದ 304ಎ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 106(1) ಬಂದು, ಗರಿಷ್ಠ ಶಿಕ್ಷೆ 2 ವರ್ಷದಿಂದ 5ಕ್ಕೆ ಏರಿತು. ಗುದ್ದಿ ಓಡಿಹೋದರೆ 10 ವರ್ಷ ಎನ್ನುವ 106(2), ಲಾರಿ ಚಾಲಕರ ಮುಷ್ಕರದ ಬಳಿಕ, ಜಾರಿಗೆ ಬರದೆ ನಿಂತಿತು. ಸಿವಿಲ್ ಕಡೆ ಬದಲಾವಣೆ ಗಡುವಿನಲ್ಲಿ: 2022ರ ಏಪ್ರಿಲ್‌ನಿಂದ ಕ್ಲೇಮ್ ಅರ್ಜಿಯನ್ನು 6 ತಿಂಗಳೊಳಗೆ ಹಾಕಬೇಕೆಂಬ ನಿಯಮ ಬಂತು.

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳಾದವು. ಉತ್ತರ ಪಾಲಿಕೆ ಅವುಗಳಲ್ಲೊಂದು. ಇದೇ ಪ್ರದೇಶದಲ್ಲಿ ಬಳ್ಳಾರಿ ರಸ್ತೆ ಹೆದ್ದಾರಿ ಪ್ರಾಧಿಕಾರದ್ದು, ಅಗೆತ ಹಲವೆಡೆ ಜಲಮಂಡಳಿಯದು, ಕಂಬಗಳು ಮೆಟ್ರೊ ನಿಗಮದವು. ಕ್ರಿಮಿನಲ್ ಪ್ರಕರಣದಲ್ಲಿ ಆರೋಪಿ ಯಾರೆಂದು ಹುಡುಕುವುದು ಪೊಲೀಸರ ಕೆಲಸ. ಸಿವಿಲ್ ದಾವೆಯಲ್ಲಿ ಪ್ರತಿವಾದಿಯ ಹೆಸರನ್ನು ಅರ್ಜಿಯ ಮೊದಲ ಪುಟದಲ್ಲೇ ವಾದಿ ಬರೆಯಬೇಕು.